ಅಪ್ಪನ ಪ್ರಶ್ನೆಗೆ ನನ್ನ ನೋಟ್ಸ್‌ನಲ್ಲಿ ಉತ್ತರ ಇರಲಿಲ್ಲ

2024ರ ಮಾರ್ಚ್ ತಿಂಗಳನ್ನು ಬೆಂಗಳೂರಿನವರು ಅಷ್ಟು ಬೇಗ ಮರೆಯುವುದಿಲ್ಲ. ಕೊಳವೆಬಾವಿಗಳು ಒಂದೊಂದಾಗಿ ಕೈಕೊಡುತ್ತಿದ್ದವು. ಟ್ಯಾಂಕರ್‌ನವರು ಹೇಳಿದ್ದೇ ರೇಟು ಎನ್ನುವಂತಾಗಿ, ಕೊನೆಗೆ ಜಿಲ್ಲಾಡಳಿತವೇ ಮಧ್ಯೆ ಬಂದು ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಎಂದು ದರ ಗೊತ್ತು ಮಾಡಿತು. ಅದೇ ತಿಂಗಳು ಜಲಮಂಡಳಿಯಿಂದ ಇನ್ನೊಂದು ಆದೇಶ ಬಂತು: ಗಾಡಿ ತೊಳೆಯಲು, ಗಿಡಕ್ಕೆ ಹಾಕಲು, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ.

ನಮ್ಮಪ್ಪ ಗಾರೆ ಮೇಸ್ತ್ರಿ. ತಲಘಟ್ಟಪುರ, ವಾಜರಹಳ್ಳಿ, ನೈಸ್ ರಸ್ತೆಯ ಆಚೆ ಈಚೆ ಎದ್ದಿರುವ ಎಷ್ಟೋ ಥರ್ಟಿ ಫಾರ್ಟಿ ಮನೆಗಳಲ್ಲಿ ಅವರ ಕೈ ಇದೆ. ಆ ಸಲ ಒಂದು ಮನೆಯ ಎರಡನೇ ಮಹಡಿಯ ಮೋಲ್ಡ್‌ಗೆ ಸೆಂಟ್ರಿಂಗ್ ಮುಗಿದು, ಕಂಬಿ ಕಟ್ಟಿ ಸಿದ್ಧವಾಗಿತ್ತು. ಮನೆ ಓನರ್ ದಂಡಕ್ಕೆ ಹೆದರಿ, ಹತ್ತಿರದ ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ ನೀರು ತರಿಸುತ್ತೇನೆ ಎಂದಿದ್ದರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು: ‘ಮಗಾ, ಸಿವಿಲ್ ಓದ್ತಾ ಇದ್ದೀಯಲ್ಲ, ಆ ಎಸ್‌ಟಿಪಿ ನೀರು ಮೋಲ್ಡಿಗೆ ಆಗ್ತದಾ ಇಲ್ವಾ?’

ನಾನಾಗ ಬಿಇ ಮೊದಲ ವರ್ಷ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮನೆಯಲ್ಲಿ ಮೊದಲ ಎಂಜಿನಿಯರ್ ಆಗಲು ಹೊರಟವನ ಜಂಬ ನೋಡಿ, ‘ನಾಳೆ ನೋಡಿ ಹೇಳ್ತೀನಿ ಅಪ್ಪಾ’ ಎಂದೆ.

ಮಾರನೆ ದಿನ ನೋಡಿದೆ. ನನ್ನ ಬಳಿ ನೋಟ್ಸ್‌ಗೇನೂ ಬರವಿರಲಿಲ್ಲ. ಸೀನಿಯರ್ ಒಬ್ಬರು ಕೊಟ್ಟ ಕಾಂಕ್ರೀಟ್ ಟೆಕ್ನಾಲಜಿಯ ಜೆರಾಕ್ಸ್ ಇತ್ತು, ಮೂರು ವಾಟ್ಸ್ಆ್ಯಪ್ ಗ್ರೂಪ್‌ಗಳಿದ್ದವು, ಒಂದು ಟೆಲಿಗ್ರಾಂ ಚಾನೆಲ್ ಇತ್ತು. ಜೆರಾಕ್ಸ್‌ನಲ್ಲಿ ನೀರಿನ ಬಗ್ಗೆ ಇದ್ದದ್ದು ಒಂದೇ ಸಾಲು: ಕುಡಿಯಲು ಯೋಗ್ಯವಾದ ನೀರು ಕಾಂಕ್ರೀಟ್‌ಗೂ ಯೋಗ್ಯ. ಎರಡು ಅಂಕದ ಪ್ರಶ್ನೆಗೆ ಸಾಕಾಗುವ ಉತ್ತರ. ಕುಡಿಯುವ ನೀರೇ ಬಳಸಬಾರದು ಎಂದು ಸರ್ಕಾರ ಹೇಳಿರುವ ಊರಿನಲ್ಲಿ ಆ ಸಾಲಿನಿಂದ ಏನು ಮಾಡುವುದು? ಗ್ರೂಪ್‌ನಲ್ಲಿ ಯಾರೋ ಹಾಕಿದ್ದ ಪಿಡಿಎಫ್ ತೆರೆಯಲು ಹೋದರೆ ಫೈಲೇ ಸಿಗಲಿಲ್ಲ. ಟೆಲಿಗ್ರಾಂನಲ್ಲಿ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಮಾತ್ರ ಇದ್ದವು.

ಉತ್ತರ ಇದ್ದದ್ದು ಐಎಸ್ 456:2000ರಲ್ಲಿ. ನಮ್ಮ ದೇಶದಲ್ಲಿ ಕಾಂಕ್ರೀಟ್ ಕೆಲಸಕ್ಕೆ ಮೂಲ ಸಂಹಿತೆ ಅದು. ಅದರ 5.4ನೇ ಕಲಂನಲ್ಲಿ ನೀರಿನ ವಿಚಾರವೆಲ್ಲ ಇದೆ. ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಕಂಬಿ ಇರುವ ಕಾಂಕ್ರೀಟ್ ಆದರೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಕಂಬಿ ಇಲ್ಲದ್ದಾದರೆ 2,000ದವರೆಗೂ ನಡೆಯುತ್ತದೆ. ಸಲ್ಫೇಟ್ 400, ಸಾವಯವ ವಸ್ತು 200 ಮಿಲಿಗ್ರಾಂ. ಅನುಮಾನ ಬಂದರೆ ಆ ನೀರಿನಲ್ಲೇ 150 ಮಿಲಿಮೀಟರ್‌ನ ಮೂರು ಕ್ಯೂಬ್ ಹಾಕಿ 28 ದಿನಕ್ಕೆ ಒಡೆದು ನೋಡಬೇಕು; ಡಿಸ್ಟಿಲ್ಡ್ ವಾಟರ್‌ನಲ್ಲಿ ಹಾಕಿದ ಕ್ಯೂಬ್‌ಗಳ ಶಕ್ತಿಯ ಶೇ 90ರಷ್ಟಾದರೂ ಬರಬೇಕು. ಕಲಸಲು ಸರಿಯಾದ ನೀರು ಕ್ಯೂರಿಂಗ್‌ಗೂ ಸರಿ ಎಂದೂ ಅಲ್ಲೇ ಇದೆ. ಅಂದರೆ ಎಸ್‌ಟಿಪಿ ನೀರು ಆಗುತ್ತದೆಯೇ ಎಂಬುದಕ್ಕೆ ಹೌದು, ಇಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಒಂದು ಬಾಟಲಿ ನೀರನ್ನು ಲ್ಯಾಬ್‌ಗೆ ಕೊಡಿ ಎನ್ನುವುದೇ ಉತ್ತರ.

ಇಷ್ಟು ತಿಳಿಯಲು ನನಗೆ ಹತ್ತು ದಿನ ಹಿಡಿಯಿತು. ಐಎಸ್ ಕೋಡ್ ಎಂದರೇನು, ಎಲ್ಲಿ ಸಿಗುತ್ತದೆ ಎಂಬುದೇ ಆಗ ಗೊತ್ತಿರಲಿಲ್ಲ. ಆಮೇಲೆ ನೀರು ಲ್ಯಾಬ್‌ಗೆ ಹೋಯಿತು, ರಿಪೋರ್ಟ್ ಚೆನ್ನಾಗಿಯೇ ಬಂತು, ಮೋಲ್ಡೂ ಬಿತ್ತು. ಆದರೆ ಆ ಹತ್ತು ದಿನ ಸೆಂಟ್ರಿಂಗ್ ಬಾಡಿಗೆ ಓಡುತ್ತಿತ್ತು, ಅಪ್ಪನಿಗೂ ಅವರ ಜೊತೆಯ ನಾಲ್ವರಿಗೂ ಕೂಲಿ ಇರಲಿಲ್ಲ. ಅಪ್ಪ ನನ್ನನ್ನು ಏನೂ ಅನ್ನಲಿಲ್ಲ. ಅಮ್ಮ ಅಂದರು.

ಆ ವಾರವೇ ನೀರಿನ ಬಗ್ಗೆ ಒಂದು ಪುಟ ಬರೆದು ಆನ್‌ಲೈನ್‌ನಲ್ಲಿ ಇಟ್ಟೆ. ಈಗ ಆರನೇ ಸೆಮಿಸ್ಟರ್. ಪುಟಗಳು 140 ದಾಟಿವೆ. ಎಂಜಿನಿಯರಿಂಗ್ ಓದುವವರು, ಓದು ಮುಗಿಸಿ ಕೆಲಸ ಹುಡುಕುತ್ತಿರುವವರು ಇಂಥದ್ದೊಂದನ್ನು ಸ್ವಂತಕ್ಕೆ ಯಾಕೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ನನ್ನ ಮನೆಯ ಕಥೆ ಒಂದು ಕಾರಣ ಅಷ್ಟೇ. ಇನ್ನುಳಿದ ಕಾರಣಗಳು ಕಳೆದ ನಾಲ್ಕೈದು ವರ್ಷಗಳ ಸುದ್ದಿಯಲ್ಲೇ ಇವೆ.

ಮೊದಲು ನಮ್ಮ ನೋಟ್ಸ್ ಎಂದರೆ ಏನೆಂದು ನೋಡೋಣ. ವಿಟಿಯು ಪರೀಕ್ಷೆಯ ರೂಪ ನಮಗೆಲ್ಲ ಬಾಯಿಪಾಠ. ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ, 20 ಅಂಕ. ಇದಕ್ಕೆ ತಕ್ಕಂತೆ ನೋಟ್ಸ್ ಕೂಡ ಮಾಡ್ಯೂಲ್ ಲೆಕ್ಕದಲ್ಲೇ ಹುಟ್ಟುತ್ತವೆ, ಮಾಡ್ಯೂಲ್ ಲೆಕ್ಕದಲ್ಲೇ ಸಾಯುತ್ತವೆ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಜೆರಾಕ್ಸ್ ಅಂಗಡಿ ಮುಂದೆ ಕ್ಯೂ. ಅಂಗಡಿಯವರಿಗೆ ಯಾವ ಸಬ್ಜೆಕ್ಟ್‌ಗೆ ಯಾರ ನೋಟ್ಸ್ ಒಳ್ಳೆಯದು ಎಂಬುದು ನಮಗಿಂತ ಚೆನ್ನಾಗಿ ಗೊತ್ತು. ಪರೀಕ್ಷೆ ಮುಗಿದ ಸಂಜೆ ಅದೇ ಹಾಳೆಗಳು ಹಾಸ್ಟೆಲ್ ವರಾಂಡದಲ್ಲಿ ಬಿದ್ದಿರುತ್ತವೆ. ಇದನ್ನು ಗೇಲಿ ಮಾಡಲು ಬರೆಯುತ್ತಿಲ್ಲ. ನಾನೂ ಹಾಗೇ ಪಾಸಾಗಿದ್ದೇನೆ, ಒಂದು ಮ್ಯಾಥ್ಸ್ ಪೇಪರ್ ಅಂತೂ ಪೂರ್ತಿ ಜೆರಾಕ್ಸ್ ಕೃಪೆ.

ತೊಂದರೆ ಏನೆಂದರೆ ಸಿಲೆಬಸ್ಸೇ ನಿಲ್ಲುವುದಿಲ್ಲ. 2018ರ ಸ್ಕೀಮ್ ಬಂತು, 2021ರದ್ದು ಬಂತು, ಮರುವರ್ಷವೇ 2022ರದ್ದು, ಈಗ ಮೊದಲ ವರ್ಷದವರಿಗೆ 2025ರದ್ದು. ಪ್ರತಿ ಸಲವೂ ಸಬ್ಜೆಕ್ಟ್ ಕೋಡ್ ಬದಲಾಗುತ್ತದೆ, ಮಾಡ್ಯೂಲ್‌ಗಳು ಅತ್ತಿತ್ತ ಆಗುತ್ತವೆ. ಕೋಡ್ ನಂಬರ್ ಪ್ರಕಾರ ಫೋಲ್ಡರ್ ಮಾಡಿಟ್ಟ ಸೀನಿಯರ್‌ಗಳ ಗೂಗಲ್ ಡ್ರೈವ್ ಜೂನಿಯರ್‌ಗಳಿಗೆ ಬೀಗ ಇದ್ದು ಕೀ ಇಲ್ಲದ ಮನೆಯ ಹಾಗೆ. ಆದರೆ ಕಾಂಕ್ರೀಟ್‌ಗೆ ಸ್ಕೀಮ್ ಗೊತ್ತಿಲ್ಲ. ಬೆಂಡಿಂಗ್ ಮೊಮೆಂಟ್ 2018ರಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಹಾಗಾಗಿ ನನ್ನ ಪುಟಗಳಿಗೆ ನಾನು ಸಬ್ಜೆಕ್ಟ್ ಕೋಡ್ ಹಾಕುವುದಿಲ್ಲ. ‘ನೀರು’, ‘ಕ್ಯೂರಿಂಗ್’, ‘ಬೀಮ್ ಬಾಗುವುದು’, ‘ಲೆವೆಲಿಂಗ್‌ನಲ್ಲಿ ಬರುವ ತಪ್ಪುಗಳು’ ಎಂದು ವಿಷಯದ ಹೆಸರನ್ನೇ ಇಡುತ್ತೇನೆ.

ಇನ್ನೊಂದು, ನೋಟ್ಸ್ ಇಟ್ಟ ಜಾಗ ನಮ್ಮದಲ್ಲ. ಕೋವಿಡ್ ಕಾಲದಲ್ಲಿ ಕಾಲೇಜುಗಳು ಕೊಟ್ಟ ಮೇಲ್ ಐಡಿಯಲ್ಲೇ ಪಾಠ, ಅಸೈನ್‌ಮೆಂಟ್, ನೋಟ್ಸ್ ಎಲ್ಲ ನಡೆಯಿತು. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದ ಗೂಗಲ್, 2021ರಲ್ಲಿ ಅದನ್ನು ನಿಲ್ಲಿಸುವುದಾಗಿ ಹೇಳಿ, 2022ರ ಜುಲೈನಿಂದ ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್ ಎಂಬ ಲೆಕ್ಕಕ್ಕೆ ಬಂತು. ಸಾವಿರಾರು ವಿದ್ಯಾರ್ಥಿಗಳಿರುವ ಕಡೆ ಇಂಥ ಮಿತಿ ಬಂದರೆ, ಹಳೆಯ ವಿದ್ಯಾರ್ಥಿಗಳ ಖಾತೆಯ ಮೇಲೆ ಮೊದಲು ಕಣ್ಣು ಬೀಳುವುದು ಸಹಜ. ಸ್ವಂತ ಜಿಮೇಲ್ ಆದರೂ, ಎರಡು ವರ್ಷ ಮುಟ್ಟದಿದ್ದ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿ, ಅದೇ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ನೋಟ್ಸ್‌ಗೆಂದೇ ಬೇರೆ ಜಿಮೇಲ್ ತೆರೆದು ಪಾಸ್‌ವರ್ಡ್ ಮರೆತ ಗೆಳೆಯರು ಇದನ್ನು ಗಮನಿಸಬೇಕು. ಒಟ್ಟು ಇಂಟರ್ನೆಟ್ಟಿನ ಕಥೆಯೇ ಹೀಗಿದೆ: 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿದೆ.

ಇದು ನಮ್ಮ ದೊಡ್ಡಪ್ಪನ ಮಗನಿಗೆ ಸರಿಯಾಗಿ ತಟ್ಟಿತು. ಅಣ್ಣ 2022ರಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿದ. ಕ್ಯಾಂಪಸ್‌ನಲ್ಲೇ ಆಫರ್ ಲೆಟರ್ ಸಿಕ್ಕಿ ಮನೆಯಲ್ಲಿ ಹೋಳಿಗೆ ಊಟ ಕೂಡ ಆಯಿತು. ಕಂಪನಿ ಯಾವುದೆಂದು ಹೇಳುವುದು ಬೇಡ. ಜಾಯಿನಿಂಗ್ ಡೇಟ್ ಮಾತ್ರ ಬರಲೇ ಇಲ್ಲ. ಒಂದು ವರ್ಷ ದೊಡ್ಡಪ್ಪನ ಅಂಗಡಿಯಲ್ಲಿ ಕೂತ, ಆರು ತಿಂಗಳು ಡೆಲಿವರಿ ಗಾಡಿ ಓಡಿಸಿದ. ಎರಡು ವರ್ಷದ ಹತ್ತಿರ ಹತ್ತಿರ ಆದಮೇಲೆ ಕರೆ ಬಂತು: ಬನ್ನಿ, ಮೊದಲು ಒಂದು ಟೆಸ್ಟ್ ಇದೆ. ಡೇಟಾ ಸ್ಟ್ರಕ್ಚರ್, ಡಿಬಿಎಂಎಸ್, ಜಾವಾ. ಅಣ್ಣ ಹಳೆಯ ನೋಟ್ಸ್ ತೆಗೆಯಲು ಹೋದ. ಕಾಲೇಜು ಮೇಲ್ ಐಡಿ ಬಂದ್ ಆಗಿತ್ತು, ಡ್ರೈವ್ ಅದರೊಳಗೆ. ಫೋನ್ ಬದಲಾಗಿ ವಾಟ್ಸ್ಆ್ಯಪ್ ಹಿಸ್ಟರಿ ಹೋಗಿತ್ತು. ಜೆರಾಕ್ಸ್ ಕಟ್ಟನ್ನು ದೊಡ್ಡಮ್ಮ ಹಳೆ ಪೇಪರ್‌ನವನಿಗೆ ಹಾಕಿದ್ದರು. ಅಣ್ಣ ಆ ಟೆಸ್ಟ್‌ನಲ್ಲಿ ಪಾಸಾಗಲಿಲ್ಲ. ‘ಓದಿದ್ದು ನೆನಪಿದೆ, ಎಲ್ಲಿ ಓದಿದ್ದೆ ಅನ್ನೋದೇ ನೆನಪಿಲ್ಲ’ ಎಂದು ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಉಳಿದಿದೆ.

ನೋಟ್ಸ್ ಇದ್ದಿದ್ದರೆ ಪಾಸಾಗುತ್ತಿದ್ದನೇ? ಗ್ಯಾರಂಟಿ ಏನಿಲ್ಲ. ಎರಡು ವರ್ಷ ಕಾಯಿಸಿದ್ದು ನೋಟ್ಸ್‌ನ ತಪ್ಪಲ್ಲ. ಆದರೆ ಇದು ಅವನೊಬ್ಬನ ಕಥೆಯಾಗಿ ಉಳಿದಿಲ್ಲ ಎಂಬುದನ್ನು ಗಮನಿಸಿ. 2025ರ ಫೆಬ್ರುವರಿಯಲ್ಲಿ ಮೈಸೂರು ಕ್ಯಾಂಪಸ್‌ನಲ್ಲಿ ಟ್ರೇನಿಗಳನ್ನು ಇನ್ಫೊಸಿಸ್ ಮನೆಗೆ ಕಳಿಸಿದ್ದು ದೊಡ್ಡ ಸುದ್ದಿಯಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗದ 300ಕ್ಕೂ ಹೆಚ್ಚು ಮಂದಿ ಎಂದು ಕಂಪನಿ ಹೇಳಿತು, ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎಂದು ಉದ್ಯೋಗಿಗಳ ಸಂಘಟನೆ ಹೇಳಿತು. ಅವರಲ್ಲಿ ಆಫರ್ ಪಡೆದು ಎರಡು ವರ್ಷ ಕಾದವರಿದ್ದರು. ಕಂಪನಿ ಮಾಡಿದ್ದು ಸರಿಯೇ ಎಂಬ ಜಗಳವನ್ನು ಬೇರೆಯವರು ಆಡಲಿ. ಓದುತ್ತಿರುವ ನಮಗೆ ಅದರಿಂದ ಕಾಣುವುದು ಇಷ್ಟು: ಡಿಗ್ರಿಗೂ ಕೆಲಸಕ್ಕೂ ನಡುವಿನ ಅಂತರ ಉದ್ದವಾಗುತ್ತಿದೆ, ಆ ಅಂತರದ ಕೊನೆಯಲ್ಲಿ ಮತ್ತೊಂದು ಪರೀಕ್ಷೆ ಕೂತಿರುತ್ತದೆ. ಸಿವಿಲ್‌ನವರಿಗೂ ಬೇರೆ ದಾರಿಯಿಲ್ಲ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತದೆ, ಆದರೆ ಗೇಟ್ ಬರೆಯಲು ಎರಡನೇ ಸೆಮಿಸ್ಟರ್‌ನಿಂದ ಹಿಡಿದು ಎಲ್ಲವೂ ಬೇಕು. ಎಇ, ಜೆಇ ಹುದ್ದೆಗೆ ನೋಟಿಫಿಕೇಷನ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬಂದಾಗ ಸರ್ವೇಯಿಂಗ್‌ನಿಂದ ಸಾಯಿಲ್ ಮೆಕ್ಯಾನಿಕ್ಸ್‌ವರೆಗೆ ಒಂದೇ ತಿಂಗಳಲ್ಲಿ ತಿರುವಿ ಹಾಕಬೇಕು. ಆಗ ಕೈಗೆ ಸಿಗಬೇಕಾದದ್ದು ಇನ್ನೊಬ್ಬರ 300 ಪುಟದ ಪಿಡಿಎಫ್ ಅಲ್ಲ, ನಾಲ್ಕು ವರ್ಷದಲ್ಲಿ ನಾನು ಎಲ್ಲೆಲ್ಲಿ ಎಡವಿದ್ದೆ ಎಂದು ನನಗೇ ನೆನಪು ಮಾಡುವ ಬರಹ.

ನನ್ನ ಪುಟಗಳ ವ್ಯವಸ್ಥೆ ತುಂಬಾ ಸರಳ. ಪ್ರತಿ ವಿಷಯಕ್ಕೂ ಒಂದು ಮಾಮೂಲಿ ಟೆಕ್ಸ್ಟ್ ಫೈಲ್. ಬಣ್ಣ, ಡಿಸೈನ್ ಏನೂ ಇಲ್ಲ. ಅವನ್ನೆಲ್ಲ ಗಿಟ್‌ಹಬ್‌ನಲ್ಲಿ ಇಟ್ಟಿದ್ದೇನೆ. ಅಲ್ಲಿ ಹಣ ಕೊಡದೆ ಅದನ್ನೇ ಜಾಲತಾಣದಂತೆ ತೋರಿಸಬಹುದು. ‘ಅದೂ ಬೇರೆಯವರ ಜಾಗ ತಾನೇ?’ ಎಂದು ಕೇಳಬಹುದು. ಹೌದು, 2018ರಲ್ಲಿ ಅದನ್ನು ಮೈಕ್ರೊಸಾಫ್ಟ್ ಕೊಂಡಿದೆ. ಆದರೆ ಗಿಟ್ ಎಂಬ ವ್ಯವಸ್ಥೆಯಲ್ಲಿ ಇಡೀ ಕಡತ, ಅದರ ಹಳೆಯ ತಿದ್ದುಪಡಿಗಳೂ ಸೇರಿ, ನನ್ನ ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ಇರುತ್ತದೆ. ನಾಳೆ ಅವರು ಬಾಗಿಲು ಹಾಕಿದರೆ ಇನ್ನೊಂದು ಕಡೆ ಇಟ್ಟರಾಯಿತು. ಮೇಲಾಗಿ ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಅಮ್ಮನ ಬೀರುವಿನಲ್ಲಿ ಇಡುತ್ತೇನೆ. 140 ಪುಟ ಸೇರಿದರೂ ಒಂದು ಸೆಲ್ಫಿಯಷ್ಟು ಜಾಗ ತಿನ್ನುವುದಿಲ್ಲ. ಲ್ಯಾಪ್‌ಟಾಪ್ ಇಲ್ಲದವರು ಫೋನ್‌ನಲ್ಲೇ ಟೈಪ್ ಮಾಡಬಹುದು. ನನ್ನ ಅರ್ಧ ಪುಟಗಳು ತಲಘಟ್ಟಪುರ ಸ್ಟೇಷನ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಕಾಲೇಜು ತಲುಪುವುದರೊಳಗೆ ಬರೆದವು. 2021ರ ಜನವರಿಯಲ್ಲಿ ಮೆಟ್ರೊ ನಮ್ಮ ಕಡೆ ಬರುವ ಮುಂಚೆ ಆಗಿದ್ದರೆ ಕನಕಪುರ ರಸ್ತೆಯ ಬಸ್‌ನಲ್ಲಿ ನಿಂತು ಇದು ಸಾಧ್ಯವಿರಲಿಲ್ಲ.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಪುಟದ ತಲೆಯಲ್ಲಿ ಬರೆದ ದಿನಾಂಕ, ಮೂಲ ಯಾವುದು, ಅದರ ಯಾವ ವರ್ಷದ ಆವೃತ್ತಿ, ಯಾವ ಕಲಂ ಎಂದು ಇರಲೇಬೇಕು. ಇದು ಅತಿಯಾಯಿತು ಅನ್ನಿಸಿದರೆ ಒಂದು ಉದಾಹರಣೆ ಕೇಳಿ. ಕಾಂಕ್ರೀಟ್ ಮಿಕ್ಸ್ ಡಿಸೈನ್‌ಗೆ ಇರುವ ಐಎಸ್ 10262 ಮೊದಲು 1982ರಲ್ಲಿ ಬಂತು, 2009ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಸೀನಿಯರ್ ಕೊಟ್ಟ ಜೆರಾಕ್ಸ್ ಎಷ್ಟು ಕೈ ದಾಟಿ ಬಂದಿತ್ತೋ, ಅದರಲ್ಲಿ 2009ರ ಲೆಕ್ಕವೇ ಇತ್ತು. ಆ ಪ್ರಕಾರ ನಾವು ಗುರಿಯಿಡಬೇಕಾದ ಶಕ್ತಿ ಎಂದರೆ ಬೇಕಾದ ಶಕ್ತಿಗೆ 1.65 ಗುಣಿಸು ಸ್ಟ್ಯಾಂಡರ್ಡ್ ಡೀವಿಯೇಷನ್ ಸೇರಿಸುವುದು. ಎಂ30 ಕಾಂಕ್ರೀಟ್, ಸೈಟಿನಲ್ಲಿ ಹಿಂದೆ ಮಾಡಿದ ಪರೀಕ್ಷೆಗಳಿಂದ ಡೀವಿಯೇಷನ್ 3 ಬಂದಿದೆ ಎಂದುಕೊಳ್ಳಿ. 30ಕ್ಕೆ 4.95 ಸೇರಿಸಿ 34.95. ಜೆರಾಕ್ಸ್ ಪ್ರಕಾರ ಮುಗಿಯಿತು. 2019ರ ಆವೃತ್ತಿ ಇನ್ನೊಂದು ಲೆಕ್ಕವನ್ನೂ ಮಾಡು ಎನ್ನುತ್ತದೆ: ಎಂ30ಕ್ಕೆ ನೇರವಾಗಿ 6.5 ಸೇರಿಸು, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ತೆಗೆದುಕೋ. ಅಂದರೆ 36.5. ಪುಸ್ತಕದಲ್ಲಿ ಕೊಡುವ ಮಾಮೂಲಿ ಡೀವಿಯೇಷನ್ 5 ಹಾಕಿದರೆ 38.25 ಬಂದು ಹಳೆಯ ಸೂತ್ರವೇ ಗೆಲ್ಲುತ್ತದೆ, ಹಾಗಾಗಿ ಪರೀಕ್ಷೆಯಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಜವಾದ ಸೈಟಿನಲ್ಲಿ ಬೀಳುತ್ತದೆ. ಜೆರಾಕ್ಸ್‌ನ ಮೇಲೆ ವರ್ಷ ಬರೆದಿದ್ದರೆ ನಾನು ಒಂದು ಇಡೀ ಸೆಮಿಸ್ಟರ್ ಹಳೆಯದನ್ನೇ ನಂಬಿ ಕೂರುತ್ತಿರಲಿಲ್ಲ.

ಎಐ ಇರುವಾಗ ಇದೆಲ್ಲ ಯಾಕೆ ಎಂದು ನನ್ನ ರೂಮ್‌ಮೇಟ್ ಹೋದ ವಾರ ಕೇಳಿದ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ನೋಟ್ಸ್ ಮಾಡುವುದು ಅರ್ಧ ನಿಮಿಷದ ಕೆಲಸ, ಮಾಡ್ಯೂಲ್ ಹೆಸರು ಕೊಟ್ಟರೆ ಸಾಕು. ನಾನೂ ಎಐ ಬಳಸುತ್ತೇನೆ, ಅರ್ಥವಾಗದ ಡೆರಿವೇಷನ್ ಬಿಡಿಸಿ ಹೇಳು ಎಂದು ಕೇಳಲು ಅದಕ್ಕಿಂತ ತಾಳ್ಮೆಯ ಮೇಷ್ಟ್ರು ಸಿಗುವುದಿಲ್ಲ. ಆದರೆ ಮೇಲೆ ಹೇಳಿದ ಎಂ30 ಪ್ರಶ್ನೆಯನ್ನೇ ಒಂದು ಎಐಗೆ ಹಾಕಿ ನೋಡಿದೆ. ಮೊದಲು ಹಳೆಯ ಸೂತ್ರವನ್ನೇ ಬಹಳ ಧೈರ್ಯವಾಗಿ ಹೇಳಿತು. 2019ರ ಆವೃತ್ತಿಯಲ್ಲಿ ಬೇರೆ ಇದೆಯಲ್ಲ ಎಂದ ಮೇಲೆ ಕ್ಷಮೆ ಕೇಳಿ ತಿದ್ದಿಕೊಂಡಿತು. ತಿದ್ದುವಷ್ಟು ನನಗೆ ಗೊತ್ತಿದ್ದದ್ದು ನನ್ನ ಪುಟದಿಂದ. ಅದೂ ಅಲ್ಲದೆ, ಇಂಟರ್‌ವ್ಯೂ ಟೇಬಲ್ಲಿನ ಆಚೆ ಕೂತವರು ‘ಇದನ್ನು ಯಾಕೆ ಹೀಗೆ ಮಾಡುತ್ತಾರೆ’ ಎಂದು ಕೇಳಿದಾಗ ಫೋನ್ ತೆಗೆಯಲು ಆಗುವುದಿಲ್ಲ. ನಾನೇ ಒಮ್ಮೆ ಕೈಯಾರೆ ಬರೆದದ್ದು ಅರ್ಧವಾದರೂ ಬಾಯಿಗೆ ಬರುತ್ತದೆ.

ಇನ್ನು ಕಾನೂನಿನ ವಿಷಯ. ಬಹಳ ಜನ ಇಲ್ಲೇ ಎಡವುತ್ತಾರೆ. ನೋಟ್ಸ್ ಜಾಲತಾಣ ಎಂದರೆ ಟೆಕ್ಸ್ಟ್‌ಬುಕ್ ಸ್ಕ್ಯಾನ್ ಮಾಡಿ ಹಾಕುವುದು ಎಂದೇ ಅನೇಕರು ತಿಳಿದಿದ್ದಾರೆ. ‘ಕೋರ್ಟೇ ಜೆರಾಕ್ಸ್‌ಗೆ ಪರ್ಮಿಷನ್ ಕೊಟ್ಟಿದೆ’ ಎಂದು ವಾದಿಸುವವರೂ ಇದ್ದಾರೆ. ಅವರು ಹೇಳುವುದು ದೆಹಲಿ ವಿಶ್ವವಿದ್ಯಾಲಯದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಪ್ರಕರಣ. ದೊಡ್ಡ ಪ್ರಕಾಶನ ಸಂಸ್ಥೆಗಳು ಹೂಡಿದ ಆ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಅಂಗಡಿಯ ಪರ ನಿಂತಿತು. ಆದರೆ ಅಲ್ಲಿದ್ದ ಪ್ರಶ್ನೆ, ಪಾಠಕ್ಕೆಂದು ಪುಸ್ತಕಗಳ ಆಯ್ದ ಭಾಗಗಳನ್ನು ಸೇರಿಸಿ ಕೋರ್ಸ್ ಪ್ಯಾಕ್ ಮಾಡಿಕೊಡಬಹುದೇ ಎಂಬುದು. ಇಡೀ ಪುಸ್ತಕವನ್ನು ಜಗತ್ತಿಗೆಲ್ಲ ಕಾಣುವಂತೆ ಅಪ್‌ಲೋಡ್ ಮಾಡಲು ಅದನ್ನು ರಹದಾರಿ ಎಂದುಕೊಳ್ಳಬೇಡಿ. ಎಂ.ಎಸ್. ಶೆಟ್ಟಿಯವರ ಕಾಂಕ್ರೀಟ್ ಪುಸ್ತಕ ಓದಿ ನನಗೆ ಅರ್ಥವಾದದ್ದನ್ನು ನನ್ನ ಮಾತಿನಲ್ಲಿ ಬರೆದರೆ ಅದು ನನ್ನ ಬರಹ, ಪುಸ್ತಕದ ಹಾಳೆಯ ಫೋಟೊ ನನ್ನದಲ್ಲ.

ಐಎಸ್ ಕೋಡ್‌ಗಳದ್ದು ಇನ್ನೂ ಸ್ವಾರಸ್ಯ. ಕಟ್ಟಡ ಹೇಗಿರಬೇಕು ಎಂದು ಹೇಳುವ ಈ ದಾಖಲೆಗಳನ್ನು ಹಿಂದೆ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ರಾಷ್ಟ್ರೀಯ ಕಟ್ಟಡ ಸಂಹಿತೆಯೊಂದಕ್ಕೇ 13,760 ರೂಪಾಯಿ. ಜನರ ಸುರಕ್ಷತೆಯ ನಿಯಮಗಳನ್ನು ಜನರೇ ದುಡ್ಡು ಕೊಟ್ಟು ಓದಬೇಕೇ ಎಂದು ಅಮೆರಿಕದ ಕಾರ್ಲ್ ಮಲಮುಡ್ ಅವರು ಸಾವಿರಾರು ಭಾರತೀಯ ಮಾನಕಗಳನ್ನು ಇಂಟರ್ನೆಟ್ಟಿಗೆ ಹಾಕಿದರು. ಬಿಐಎಸ್ ಒಪ್ಪಲಿಲ್ಲ. 2015ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಬಿತ್ತು. ಇವತ್ತು ಬಿಐಎಸ್ ತಾಣದಲ್ಲೇ ಹೆಸರು ನೋಂದಾಯಿಸಿದರೆ ಭಾರತೀಯ ಮಾನಕಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಮೊದಲ ವರ್ಷದಲ್ಲಿ ಇದೊಂದು ವಿಷಯ ಯಾರಾದರೂ ಹೇಳಿದ್ದರೆ ನಮ್ಮಪ್ಪನ ಹತ್ತು ದಿನ ಉಳಿಯುತ್ತಿತ್ತು. ಹಾಗೆಂದು ಇಳಿಸಿಕೊಂಡ ಕೋಡ್ ಅನ್ನೇ ನನ್ನ ಪುಟದಲ್ಲಿ ಹಾಕುವುದಿಲ್ಲ. ಕಲಂ ಸಂಖ್ಯೆ ಬರೆಯುತ್ತೇನೆ, ಬೇಕಾದವರು ಮೂಲವನ್ನೇ ತೆರೆದು ನೋಡಲಿ. ಕಾಲೇಜಿನ ಇಂಟರ್ನಲ್ಸ್ ಪ್ರಶ್ನೆಪತ್ರಿಕೆ, ಗೆಳೆಯರ ಹೆಸರು, ಯುಎಸ್‌ಎನ್ ಇವನ್ನೂ ಹಾಕಬಾರದು ಎಂದು ಬೇರೆ ಹೇಳಬೇಕಿಲ್ಲ.

ಭಾಷೆಯ ಬಗ್ಗೆ ನನಗೆ ಮೊದಮೊದಲು ಗೊಂದಲವಿತ್ತು. ಪರೀಕ್ಷೆ ಇಂಗ್ಲಿಷ್‌ನಲ್ಲಿ, ಇಂಟರ್‌ವ್ಯೂ ಇಂಗ್ಲಿಷ್‌ನಲ್ಲಿ, ಹಾಗಾಗಿ ಪುಟಗಳೂ ಇಂಗ್ಲಿಷ್‌ನಲ್ಲೇ ಇದ್ದವು. ಒಂದು ದಿನ ಕ್ಯೂರಿಂಗ್ ಪುಟವನ್ನು ಅಪ್ಪನಿಗೆ ಓದಿ ಹೇಳಲು ಹೋದಾಗ ನಾಲಿಗೆ ತೊಡರಿತು. ಓದಿದ್ದೇನೆ, ಆದರೆ ಹೇಳಲು ಬರುತ್ತಿಲ್ಲ. ಅಂದರೆ ನನಗೇ ಸರಿಯಾಗಿ ತಿಳಿದಿಲ್ಲ. ಅವತ್ತಿನಿಂದ ಪ್ರತಿ ಪುಟದ ಕೊನೆಗೆ ಅಪ್ಪನಿಗೆ ಹೇಳುವ ಹಾಗೆ ಹತ್ತು ಸಾಲು ಕನ್ನಡದಲ್ಲಿ ಬರೆಯುತ್ತೇನೆ. ಮಾಮೂಲಿ ಸಿಮೆಂಟ್ ಆದರೆ ಕನಿಷ್ಠ ಏಳು ದಿನ ಒದ್ದೆ ಆರಬಾರದು. ಬೂದಿ ಬೆರೆತ ಪಿಪಿಸಿ ಸಿಮೆಂಟ್ ಆದರೆ ಹತ್ತು ದಿನ, ಹದಿನಾಲ್ಕು ಆದರೆ ಇನ್ನೂ ಒಳ್ಳೆಯದು. ಇವತ್ತು ಅಂಗಡಿಯಲ್ಲಿ ಸಿಗುವ ಸಿಮೆಂಟ್ ಬಹುಪಾಲು ಎರಡನೇ ಜಾತಿಯದು, ಚೀಲದ ಮೇಲೆ ಓದಿಕೊಳ್ಳಿ. ಇದನ್ನು ಓದಿ ಹೇಳಿದಾಗ ಅಪ್ಪ, ‘ನಾವು ಎಲ್ಲಕ್ಕೂ ಏಳೇ ದಿನ ಕಟ್ಟೋದು’ ಎಂದರು. ಮೂವತ್ತು ವರ್ಷದ ಅನುಭವ ಇರುವವರಿಗೆ ನಾನು ಹೇಳಿದ ಮೊದಲ ಉಪಯೋಗದ ಮಾತು ಅದು. ತಿರುಗಿ ಅವರಿಂದ ನನ್ನ ಪುಟಕ್ಕೆ ಸೇರಿದ್ದೂ ಇದೆ: ಬಾಂಡ್ಲಿಯಲ್ಲಿ ಮಾಲು ಎತ್ತುವಾಗ ಕೈಗೆ ಸಲೀಸಾಗಲಿ ಎಂದು ಹುಡುಗರು ಒಂದು ಚೊಂಬು ನೀರು ಹೆಚ್ಚು ಸುರಿಯುತ್ತಾರೆ, ಮೇಸ್ತ್ರಿ ಅತ್ತ ತಿರುಗಿದಾಗಲೇ ಸುರಿಯುತ್ತಾರೆ. ವಾಟರ್ ಸಿಮೆಂಟ್ ರೇಶಿಯೊ ಪಾಠದಲ್ಲಿ ಈ ಚೊಂಬಿನ ಪ್ರಸ್ತಾಪವೇ ಇಲ್ಲ. ಎಂಜಿನಿಯರಿಂಗ್ ಅನ್ನು ಪ್ರಾದೇಶಿಕ ಭಾಷೆಗಳಲ್ಲಿ ಕಲಿಸಲು ಎಐಸಿಟಿಇ 2021ರಲ್ಲಿ ಅನುಮತಿ ಕೊಟ್ಟಾಗ ಪರ ವಿರೋಧ ಬಹಳ ನಡೆಯಿತು. ಇಡೀ ಡಿಗ್ರಿ ಕನ್ನಡದಲ್ಲಿ ಬೇಕೋ ಬೇಡವೋ ನನಗೆ ಹೇಳಲು ಬರದು. ಹತ್ತು ಸಾಲು ಬೇಕೇ ಬೇಕು ಎಂಬುದು ಮಾತ್ರ ಅನುಭವದಿಂದ ಗೊತ್ತು.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ವಾರಕ್ಕೆ ಎರಡು ಪುಟವೆಂದರೂ ಮೂರು ಗಂಟೆ ಹೋಗುತ್ತದೆ. ಇಂಟರ್ನಲ್ಸ್ ಸಮಯದಲ್ಲಿ ತಿಂಗಳುಗಟ್ಟಲೆ ಮುಟ್ಟಿರುವುದಿಲ್ಲ. ಒಂದು ಸೆಮಿಸ್ಟರ್‌ನಲ್ಲಿ ಪುಟ ಚಂದ ಮಾಡುವುದರಲ್ಲೇ ಮುಳುಗಿ ಒಂದು ಸಬ್ಜೆಕ್ಟ್‌ನಲ್ಲಿ ಬ್ಯಾಕ್ ಉಳಿಸಿಕೊಂಡೆ. ಹೆಡಿಂಗ್‌ನ ಅಕ್ಷರ ಹೇಗಿರಬೇಕೆಂದು ಎರಡು ರಾತ್ರಿ ಕೂತಿದ್ದೆ ಎಂದರೆ ನಂಬುತ್ತೀರಾ? ಗೆಳೆಯರು ನನ್ನ ಪುಟವನ್ನು ಹಾಗೇ ಅಸೈನ್‌ಮೆಂಟ್‌ಗೆ ಇಳಿಸಿ, ನಾನು ಮಾಡಿದ್ದ ತಪ್ಪನ್ನೂ ಸೇರಿಸಿ ಕಾಪಿ ಮಾಡಿದ್ದರಿಂದ ಎಂಟು ಜನಕ್ಕೆ ಒಂದೇ ತಪ್ಪಿಗೆ ಅಂಕ ಹೋಗಿ ಕ್ಲಾಸಿನಲ್ಲಿ ನಗೆಪಾಟಲಾಯಿತು. ಅದರಲ್ಲಿ ಒಬ್ಬಳು ಮಾತ್ರ ಆಮೇಲೆ ಮೆಸೇಜ್ ಮಾಡಿ, ‘ನಾಲ್ಕನೇ ಸ್ಟೆಪ್‌ನಲ್ಲಿ ಯೂನಿಟ್ ತಪ್ಪಿದೆ ಕಣೋ, ಕಿಲೋನ್ಯೂಟನ್ ಹಾಕಿದ್ದೀಯ’ ಎಂದು ತಿದ್ದಿದಳು. ಗುಟ್ಟಾಗಿ ಇಟ್ಟುಕೊಂಡಿದ್ದರೆ ಆ ತಪ್ಪು ನನ್ನ ಜೊತೆ ಗೇಟ್ ಹಾಲ್‌ವರೆಗೂ ಬರುತ್ತಿತ್ತು. ಈಗ ತಪ್ಪು ತಿದ್ದಿದವರ ಹೆಸರನ್ನು, ಅವರು ಒಪ್ಪಿದರೆ, ಪುಟದ ಕೆಳಗೆ ಬರೆಯುತ್ತೇನೆ.

ಅಣ್ಣ ಈಗ ಜೆ.ಪಿ. ನಗರದ ಸಣ್ಣ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದಾನೆ. ಅವನೂ ಒಂದು ರೆಫರೆನ್ಸ್ ಶುರು ಮಾಡಿದ್ದಾನೆ, ಹನ್ನೊಂದು ಪುಟ ಆಗಿದೆಯಂತೆ. ಅಪ್ಪ ಮೊನ್ನೆ ಹೊಸ ಪ್ರಶ್ನೆ ಕೇಳಿದರು: ಎಂ-ಸ್ಯಾಂಡ್‌ನಲ್ಲಿ ಧೂಳು ಜಾಸ್ತಿ ಬರುತ್ತಿದೆ, ಎಷ್ಟರವರೆಗೆ ಇದ್ದರೆ ನಡೆಯುತ್ತದೆ? ಆ ಪುಟ ಇನ್ನೂ ಬರೆದಿಲ್ಲ. ಐಎಸ್ 383ರ 2016ರ ಆವೃತ್ತಿ ಇಳಿಸಿಕೊಂಡು ಜರಡಿಯ ಕೋಷ್ಟಕ ನೋಡುತ್ತಿದ್ದೇನೆ. ಭಾನುವಾರ ಸೈಟಿಗೆ ಹೋಗಿ ಒಂದು ಡಬ್ಬಿ ಮರಳು ತಂದು ಕಾಲೇಜು ಲ್ಯಾಬ್‌ನಲ್ಲಿ ಜಾಲಿಸಿ ನೋಡಬೇಕು.